ಬೋರ್ ನೀರಿಗೆ ಒಗ್ಗೋ ಮೀನು: ಯೆಲ್ಲೋ ಚಿಕ್ಲಿಡ್ ಸಾಕೋದು, ಬಾಯಲ್ಲಿ ಮರಿ ಮಾಡಿದಾಗ ಏನು ಮಾಡ್ಬೇಕು

ದಾವಣಗೆರೆಲಿ ಅಕ್ವೇರಿಯಂ ಇಟ್ಟೋರನ್ನ ಯಾರನ್ನಾದ್ರೂ ಕೇಳ್ರಿ, ಒಂದೇ ಕತೆ, ಅಂಗಡಿಯಿಂದ ತಂದ ಮೇಲೆ ಹದಿನೈದು ದಿನ ಚೆನ್ನಾಗಿದ್ವು ಆಮೇಲೆ ಒಂದೊಂದಾಗಿ ಹೋದ್ವು, ನಮ್ ನೀರೇ ಸರಿ ಇಲ್ಲ ಬಿಡ್ರಿ ಅಂತಾರೆ. ಬೋರ್ ನೀರು ಹೆಂಗಿರುತ್ತೆ ಅಂತ ಈ ಕಡೆಯೋರಿಗೆ ಹೇಳೋದೇ ಬ್ಯಾಡ, ಬೇಳೆ ಬೇಯಲ್ಲ, ಸೋಪು ನೊರೆ ಬರಲ್ಲ, ಬಕೆಟ್ ಒಳಗೆ ಸುತ್ತ ಬಿಳಿ ಪೊರೆ ಕಟ್ಕೊಂಡು ಉಗುರಲ್ಲಿ ಕೆರೆದ್ರೂ ಬರಲ್ಲ. ಚಿತ್ರದುರ್ಗದಲ್ಲಿ ನಮ್ಮಕ್ಕನ ಮನೆ ಬೋರ್ ಅಂತೂ ಇನ್ನೂ ಒಂದು ಕೈ ಮೇಲೆ, ಅವ್ರ ಮನೆ ಗೀಸರ್ ಕಾಯಿಲ್ ಬಿಚ್ಚಿ ತೋರಿಸಿದ್ರೆ ಸುಣ್ಣದ ಗಟ್ಟಿ ಅನ್ಕೋಬೇಕು. ಈ ನೀರಲ್ಲಿ ನಿಯಾನ್ ಟೆಟ್ರಾ ತಂದು ಬಿಟ್ಟು ಸತ್ತೋದ್ವು ಅಂದ್ರೆ ತಪ್ಪು ನೀರಿಂದಲ್ಲ, ಅದು ಅಮೆಜಾನ್ ಕಡೆ ಮೆತ್ತನೆ ನೀರಿನ ಮೀನು. ನೀರು ಬದಲಾಯಿಸೋಕೆ ಹೋಗೋ ಬದ್ಲು ನಮ್ ನೀರಿಗೆ ಒಗ್ಗೋ ಮೀನು ತಗಳ್ರಿ ಅನ್ನೋದು ನಾನು ನಾಲ್ಕು ವರ್ಷ ದುಡ್ಡು ಕಳ್ಕೊಂಡು ಕಲಿತ ಮಾತು.

ಆ ಮೀನು ಯಾವ್ದು ಅಂದ್ರೆ ಎಲೆಕ್ಟ್ರಿಕ್ ಯೆಲ್ಲೋ, ಅಂಗಡಿಲಿ ಯೆಲ್ಲೋ ಚಿಕ್ಲಿಡ್ ಅಂತಾರೆ (ಸಿಕ್ಲಿಡ್ ಅನ್ನೋದೇ ಸರಿ, ಆದ್ರೆ ಅಂಗಡಿಲಿ ಹಂಗೆ ಕೇಳಿದ್ರೆ ಹುಡುಗ ಮಿಕಿಮಿಕಿ ನೋಡ್ತಾನೆ, ಅದಕ್ಕೆ ನಾನೂ ಚಿಕ್ಲಿಡ್ ಅಂತಾನೇ ಅಂತೀನಿ). ಆಫ್ರಿಕಾದ ಮಾಲಾವಿ ಸರೋವರದ್ದು, ಅಲ್ಲಿ ದಡದ ಬಂಡೆಗಳ ಸಂದಿಲಿ ಬದುಕೋದು. ಸೈನ್ಸಿನ ಹೆಸರು ಲ್ಯಾಬಿಡೋಕ್ರೋಮಿಸ್ ಸೆರುಲಿಯಸ್, 1956ರಲ್ಲಿ ಇಟ್ಟಿದ್ದು, ಸೆರುಲಿಯಸ್ ಅಂದ್ರೆ ನೀಲಿ! ಆ ಸರೋವರದಲ್ಲಿ ಇದೇ ಮೀನು ಹೆಚ್ಚಿನ ಕಡೆ ಬಿಳಿ-ನೀಲಿ ಬಣ್ಣದಲ್ಲೇ ಇರೋದು, ನಿಂಬೆಹಣ್ಣಿನ ಹಳದಿ ಇರೋದು ಒಂದು ಸಣ್ಣ ದಂಡೆಲಿ ಮಾತ್ರ, ಅಂಗಡಿಗೆ ಬಂದಿದ್ದು ಆ ಹಳದಿ. ತೊಟ್ಟಿಲಿ 4 ಇಂಚು ತನಕ ಬೆಳೆಯುತ್ತೆ, ಜಗಳ ಮಾಡುತ್ತೆ ಆದ್ರೆ ಮಾಲಾವಿ ಮೀನುಗಳಲ್ಲಿ ಇದೇ ಸ್ವಲ್ಪ ಸಮಾಧಾನಿ. ವಿಶೇಷ ಏನಪ್ಪಾ ಅಂದ್ರೆ ಹೆಣ್ಣು ಮೊಟ್ಟೆನ ಬಾಯೊಳಗೆ ಇಟ್ಕೊಂಡು ಮರಿ ಮಾಡುತ್ತೆ.

ಇದೇನು ನಮಗೆ ತೀರಾ ಹೊಸದಲ್ಲ. ಭದ್ರಾ ಕಾಲುವೆಲಿ, ಕೆರೆಲಿ ಗಾಳ ಹಾಕೋ ಹುಡುಗ್ರು ಹಿಡೀತಾರಲ್ಲ ಜಿಲೇಬಿ ಮೀನು, ಅದೇ ತಿಲಾಪಿಯ, ಅದೂ ಇದೇ ಕುಟುಂಬ, ಅದೂ ಬಾಯಲ್ಲೇ ಮರಿ ಮಾಡೋದು. ಹಂಗಂತ ಕಾಲುವೆಯಿಂದ ಜಿಲೇಬಿ ತಂದು ಮನೆ ಗಾಜಿನ ತೊಟ್ಟಿಗೆ ಬಿಡಬ್ಯಾಡ್ರಿ, ಒಂದಡಿ ಬೆಳೆದು ಮಿಕ್ಕಿದ್ದೆಲ್ಲಾ ಹೊಡೆದು ಹಾಕುತ್ತೆ.

ಈಗ ನೀರಿನ ವಿಷ್ಯ, ಇಲ್ಲಿ ಒಂದು ತಪ್ಪು ತಿಳುವಳಿಕೆ ಐತೆ. ಮಾಲಾವಿ ಮೀನಿಗೆ ಎಷ್ಟು ಗಡಸು ಇದ್ರೆ ಅಷ್ಟು ಒಳ್ಳೇದು ಅಂತ ಹೇಳೋರು ಅದಾರೆ, ಅದು ಸುಳ್ಳು. ಆ ಸರೋವರದ ನೀರು ನಮ್ಮ ಬೋರಿನಷ್ಟು ಗಡಸೇ ಅಲ್ಲ, ಆದ್ರೆ ಕ್ಷಾರ ಜಾಸ್ತಿ, ಪಿಎಚ್ (ನೀರಿನ ಹುಳಿ-ಕ್ಷಾರದ ಅಳತೆ, 7ಕ್ಕಿಂತ ಮೇಲೆ ಹೋದಷ್ಟೂ ಕ್ಷಾರ) 7.8ರಿಂದ 8.6 ಒಳಗೆ ಇರುತ್ತೆ, ಮುಖ್ಯ ಏನಂದ್ರೆ ವರ್ಷಪೂರ್ತಿ ಅಲ್ಲಾಡದೆ ಅಲ್ಲೇ ಇರುತ್ತೆ. ಬೋರ್ ನೀರಲ್ಲಿ ಸುಣ್ಣದ ಅಂಶ ಇರೋದ್ರಿಂದ ಪಿಎಚ್ ದಿಢೀರ್ ಅಂತ ಬೀಳಲ್ಲ, ನಮಗೆ ಸಿಗೋ ಲಾಭ ಇದು. ಬರೀ ನಲ್ಲಿ ನೀರಲ್ಲಿ, ಅಂದ್ರೆ ಕುಂದವಾಡ ಕೆರೆ ಕಡೆಯಿಂದ ಬರೋ ಹೊಳೆ ನೀರಲ್ಲಿ, ಆ ಹಿಡಿತ ಕಮ್ಮಿ, ತಿಂಗಳು ನೀರು ಬದಲಾಯಿಸದೆ ಬಿಟ್ರೆ ಪಿಎಚ್ ಕೆಳಗೆ ಜಾರುತ್ತೆ. ನಾನು ಮಾಡೋದು ಬೋರ್ ನೀರು ಅರ್ಧ ನಲ್ಲಿ ನೀರು ಅರ್ಧ. ನಿಮ್ ಬೋರ್ ಟಿಡಿಎಸ್ (ನೀರಲ್ಲಿ ಕರಗಿರೋ ಲವಣದ ಅಳತೆ) ಸಾವಿರದ ಹತ್ರ ತೋರಿಸಿದ್ರೆ ನಲ್ಲಿ ನೀರು ಜಾಸ್ತಿ ಹಾಕ್ರಿ, ಐನೂರರ ಒಳಗಿದ್ರೆ ಬರೀ ಬೋರ್ ಆದ್ರೂ ನಡೆಯುತ್ತೆ, ಮರಿಯಿಂದ ಇಲ್ಲೇ ಫಾರ್ಮಲ್ಲಿ ಬೆಳೆದ ಮೀನು ಅವು, ಒಗ್ಗಿಕೊಳ್ತಾವೆ. ದಿನಕ್ಕೊಂದು ತರ ಮಾಡಬ್ಯಾಡ್ರಿ ಅಷ್ಟೇ, ಒಂದು ಅಳತೆ ಹಿಡಿದ್ರೆ ಅದನ್ನೇ ಹಿಡೀರಿ. ಕ್ಯಾನ್‌ನಲ್ಲಿ ತರೋ ಫಿಲ್ಟರ್ ನೀರು ಮಾತ್ರ ಹಾಕಲೇಬ್ಯಾಡ್ರಿ, ಅದ್ರಲ್ಲಿ ಲವಣ ಬಹುಪಾಲು ತೆಗೆದುಹಾಕಿರ್ತಾರೆ, ನಮಗೆ ಕುಡಿಯೋಕೆ ಸರಿ, ಈ ಮೀನಿಗೆ ಅದೇ ವಿಷ.

ಬೋರ್ ನೀರು ಮೋಟರ್ ಆನ್ ಮಾಡಿ ಸೀದಾ ತೊಟ್ಟಿಗೆ ಬಿಡಬಾರದು, ಭೂಮಿ ಒಳಗಿಂದ ಬಂದ ನೀರಲ್ಲಿ ಆಕ್ಸಿಜನ್ ಕಮ್ಮಿ, ಇಂಗಾಲದ ಗಾಳಿ ಜಾಸ್ತಿ ಇರುತ್ತೆ, ಡ್ರಮ್ಮಲ್ಲಿ ಹಿಡಿದು ಒಂದು ರಾತ್ರಿ ಏರ್ ಸ್ಟೋನ್ (ಏರ್ ಪಂಪಿನ ಗಾಳಿನ ಗುಳ್ಳೆ ಮಾಡಿ ಬಿಡೋ ಕಲ್ಲು) ಹಾಕಿ ಇಡ್ರಿ. ಪಿಎಚ್ ಅಳೆಯೋದಾದ್ರೂ ಮಾರನೇ ದಿನ ಅಳೀರಿ, ಮೋಟರ್ ನೀರಲ್ಲಿ ತಕ್ಷಣ ಅಳೆದ್ರೆ ಕಮ್ಮಿ ತೋರಿಸುತ್ತೆ. ನಲ್ಲಿ ನೀರಿಗೆ ಬ್ಲೀಚಿಂಗ್ ಹಾಕಿರ್ತಾರೆ, ಅದಕ್ಕೆ ಆಂಟಿಕ್ಲೋರಿನ್ ಹನಿ ಮರೀಬ್ಯಾಡ್ರಿ.

ತೊಟ್ಟಿ 3 ಅಡಿಗಿಂತ ಚಿಕ್ಕದು ಬ್ಯಾಡ. 36 ಇಂಚು ಉದ್ದ, 15 ಅಗಲ, 15 ಎತ್ತರ ಅಂದ್ರೆ 130 ಲೀಟರ್ ಹಿಡಿಯುತ್ತೆ. ನೀರು, ಗಾಜು, ಕಲ್ಲು, ಮರಳು ಸೇರಿ ಎರಡು ಕ್ವಿಂಟಾಲ್ ಹತ್ರ ಹೋಗುತ್ತೆ, ಅಂದ್ರೆ 50 ಕೆಜಿ ಮೆಕ್ಕೆಜೋಳದ ಚೀಲ ನಾಲ್ಕು ಒಂದರ ಮೇಲೊಂದು ಇಟ್ಟಂಗೆ, ಟಿವಿ ಸ್ಟ್ಯಾಂಡ್ ಮೇಲೆ ಇಡೋ ಯೋಚನೆ ಇದ್ರೆ ಈಗ್ಲೇ ಬಿಡ್ರಿ. ಕಬ್ಬಿಣದ ಸ್ಟ್ಯಾಂಡ್, ಮೇಲೆ ಪ್ಲೈವುಡ್, ಅದರ ಮೇಲೆ ಥರ್ಮಾಕೋಲ್, ಆಮೇಲೆ ತೊಟ್ಟಿ. ಕಲ್ಲು ಜಾಸ್ತಿ ಬೇಕು, ಇವು ಸಂದಿ ಮೀನು, ಬಚ್ಚಿಟ್ಟುಕೊಳ್ಳೋಕೆ ಜಾಗ ಇಲ್ಲಾಂದ್ರೆ ಒಂದನ್ನೊಂದು ಅಟ್ಟಾಡಿಸ್ತಾವೆ. ಕಲ್ಲಿಗೆ ನಮ್ ಕಡೆ ಬರಗಾಲ ಇಲ್ವಲ್ಲ, ಸೈಜುಗಲ್ಲಿನ ಚೂರು ಎಲ್ಲಿ ಮನೆ ಕಟ್ತಿದ್ರೂ ಸಿಗುತ್ತೆ, ಗ್ರಾನೈಟ್ ನೀರಿಗೆ ಏನೂ ಬಿಡಲ್ಲ, ಸಿಮೆಂಟ್ ಮೆತ್ತಿರೋದು ಮಾತ್ರ ಬ್ಯಾಡ. (ದುರ್ಗದೋರು ಕೋಟೆ ಕಡೆಯಿಂದ ಕಲ್ಲು ತರ್ತೀನಿ ಅಂತ ಹೊರಡಬ್ಯಾಡ್ರಿ, ಅದು ಪುರಾತತ್ವ ಇಲಾಖೆ ಜಾಗ.) ಒಂದು ಮಾತು ನೆನಪಿಡ್ರಿ, ಕಲ್ಲು ಮೊದ್ಲು ಮರಳು ಆಮೇಲೆ. ಮರಳಿನ ಮೇಲೆ ಕಲ್ಲು ಜೋಡಿಸಿದ್ರೆ ಇವು ಬಾಯಲ್ಲಿ ಮರಳು ತೋಡಿ ತೋಡಿ ಬುಡ ಸಡಿಲ ಮಾಡ್ತಾವೆ, ಕಲ್ಲು ಉರುಳಿ ಗಾಜಿಗೆ ಬಿತ್ತು ಅಂದ್ರೆ ಅರ್ಧ ರಾತ್ರಿಲಿ ಹಾಲ್ ತುಂಬ ಕೆರೆ. ತಳದ ಗಾಜಿನ ಮೇಲೆ ತೆಳು ಥರ್ಮಾಕೋಲ್ ಹಾಕಿ, ಕಲ್ಲು ಇಟ್ಟು, ಅಲ್ಲಾಡ್ಸಿ ನೋಡಿ, ಆಮೇಲೆ ಸುತ್ತ ಮರಳು ಸುರೀರಿ. ಮರಳು ಅಕ್ಕಿ ತೊಳೆದಂಗೆ ನೀರು ತಿಳಿ ಆಗೋವರೆಗೂ ತೊಳೀಬೇಕು, ಹತ್ತು ಹದಿನೈದು ಸಲ ಆಗುತ್ತೆ.

ಫಿಲ್ಟರ್ ಒಂದು ಹ್ಯಾಂಗ್ ಆನ್ (ತೊಟ್ಟಿ ಅಂಚಿಗೆ ನೇತು ಹಾಕೋದು), ಜೊತೆಗೆ ಏರ್ ಪಂಪಿಂದ ಓಡೋ ಒಂದು ಸ್ಪಂಜ್ ಫಿಲ್ಟರ್. ಸ್ಪಂಜ್ ಯಾಕೆ ಅಂದ್ರೆ ಕರೆಂಟ್ ಹೋದಾಗ ಬ್ಯಾಟರಿ ಏರ್ ಪಂಪಿಗೆ ಅದನ್ನೇ ಹಾಕ್ಬೋದು, ಬ್ಯಾಸಿಗೆಲಿ ಎರಡು ತಾಸು ಕರೆಂಟ್ ಇಲ್ಲಾಂದ್ರೆ ಇವು ಮೇಲೆ ಬಂದು ಬಾಯಿ ಬಾಯಿ ಬಿಡ್ತಾವೆ. ತೊಟ್ಟಿ ರೆಡಿ ಆದ ದಿನಾನೇ ಮೀನು ತರಬ್ಯಾಡ್ರಿ, ಇದನ್ನ ಎಲ್ಲರೂ ಹೇಳ್ತಾರೆ ಯಾರೂ ಕೇಳಲ್ಲ, ಆದ್ರೆ ನಮ್ ನೀರಲ್ಲಿ ಕೇಳಲೇಬೇಕು, ಯಾಕಂದ್ರೆ ಮೀನಿನ ಹೇಲು-ಉಚ್ಚೆಯಿಂದ ಆಗೋ ಅಮೋನಿಯಾ ಪಿಎಚ್ ಏರಿದಷ್ಟೂ ಜಾಸ್ತಿ ವಿಷ ಆಗುತ್ತೆ, 7ರಲ್ಲಿ ತಡ್ಕೊಳ್ಳೋ ಅಷ್ಟು ಅಮೋನಿಯಾ 8ರ ಮೇಲೆ ಮೀನನ್ನ ಕೊಲ್ಲುತ್ತೆ. ಹದಿನೈದು ದಿನಕ್ಕೆ ಸತ್ವು ಅನ್ನೋ ಕತೆಗಳಲ್ಲಿ ಎಷ್ಟೋ ಇದೇ. ಫಿಲ್ಟರ್ ಓಡಿಸ್ಕೊಂಡು ದಿನಾ ಒಂದು ಚಿಟಿಕೆ ಮೀನಿನ ಫುಡ್ ಹಾಕ್ತಾ 4ರಿಂದ 6 ವಾರ ಬಿಡ್ರಿ, ಅಮೋನಿಯಾನ ತಿಂದು ಹಾಕೋ ಒಳ್ಳೆ ಬ್ಯಾಕ್ಟೀರಿಯಾ ಫಿಲ್ಟರಲ್ಲಿ ಬೆಳೆದು, ಅಳೆದ್ರೆ ಅಮೋನಿಯಾ, ಅದರಿಂದ ಆಗೋ ಇನ್ನೊಂದು ವಿಷ ನೈಟ್ರೈಟ್, ಎರಡೂ ಸೊನ್ನೆ ಬರೋವರೆಗೂ. ಹಳೇ ತೊಟ್ಟಿ ಇರೋ ಗೆಳೆಯನ ಹತ್ರ ಒಂದು ಕೊಳಕು ಸ್ಪಂಜ್ ಇಸ್ಕೊಂಡು ಬಂದ್ರೆ ಬೇಗ ಆಗುತ್ತೆ, ಮೊಸರಿಗೆ ಹೆಪ್ಪು ಹಾಕಿದಂಗೆ.

ಮೀನು ಆರಿಸುವಾಗ ಒಂದಿಂಚಿನ ಮರಿ ಆರೇಳು ತಗಳ್ರಿ, ದೊಡ್ಡವು ಜೋಡಿ ಅಂತ ಮಾರ್ತಾರೆ, ನಂಬಬ್ಯಾಡ್ರಿ. ಬೆನ್ನಿನ ರೆಕ್ಕೆ ಮೇಲೆ ಉದ್ದಕ್ಕೆ ಕಪ್ಪು ಗೀರು ಸ್ವಚ್ಛ ಇರ್ಬೇಕು, ಮೈ ಮೇಲೆ ಅಡ್ಡಪಟ್ಟೆ ಇರಬಾರದು, ಕಿತ್ತಳೆ ಛಾಯೆ ಇದ್ರೆ ರೆಡ್ ಝೀಬ್ರಾ (ಇನ್ನೊಂದು ಮಾಲಾವಿ ಮೀನು) ಜೊತೆ ಬೆರಕೆ ಆಗಿರೋ ಚಾನ್ಸ್ ಇರುತ್ತೆ. ಗಂಡು ಹೆಣ್ಣು ಗುರುತು ಹಿಡಿಯೋದು ಕಷ್ಟ, ಗಂಡಿಗೆ ಹೊಟ್ಟೆ ಕೆಳಗಿನ ರೆಕ್ಕೆ ಕಪ್ಪು ಜಾಸ್ತಿ ಅಂತಾರೆ, ಆದ್ರೆ ದರ್ಬಾರು ಮಾಡೋ ಹೆಣ್ಣಿಗೂ ಕಪ್ಪಾಗುತ್ತೆ. ನನಗೆ ಗೊತ್ತಿರೋ ಖಾತ್ರಿ ಗುರುತು ಒಂದೇ, ಬಾಯಿ ಉಬ್ಬಿಸ್ಕೊಂಡಿದ್ದು ಹೆಣ್ಣು. ದೊಡ್ಡವಾದ ಮೇಲೆ ಒಂದು ಗಂಡಿಗೆ ಎರಡು ಮೂರು ಹೆಣ್ಣು ಉಳಿಯೋ ಹಂಗೆ ನೋಡ್ಕೊಂಡು ಮಿಕ್ಕಿದ ಗಂಡುಗಳನ್ನ ಕೊಟ್ಬಿಡ್ರಿ. ಗೋಲ್ಡ್ ಫಿಶ್, ಗಪ್ಪಿ, ಏಂಜೆಲ್ ಜೊತೆಗೆ ಬಿಡೋದು ಬ್ಯಾಡ.

ಊಟ ಅಂದ್ರೆ ಸ್ಪಿರುಲಿನಾ (ಒಂದು ತರ ಪಾಚಿ) ಇರೋ ಸಣ್ಣ ಪೆಲೆಟ್, ದಿನಕ್ಕೆರಡು ಸಲ ಒಂದು ನಿಮಿಷದಲ್ಲಿ ಮುಗಿಯೋ ಅಷ್ಟು, ವಾರಕ್ಕೊಂದಿನ ಉಪವಾಸ. ಆಗಾಗ ಬಿಸಿನೀರಲ್ಲಿ ಬಾಡಿಸಿದ ಪಾಲಕ್, ಸಿಪ್ಪೆ ತೆಗೆದ ಬಟಾಣಿ. ಅಂಗಡಿಲಿ ಸಿಗೋ ಕೆಂಪು ಟ್ಯುಬಿಫೆಕ್ಸ್ ಹುಳ ಹಾಕಬ್ಯಾಡ್ರಿ, ಚರಂಡಿ ಹುಳ ಅದು, ಹೊಟ್ಟೆ ಉಬ್ಬರ ಬಂದು ಸಾಯ್ತಾವೆ.

ನೀರು ವಾರಕ್ಕೊಮ್ಮೆ ಕಾಲುಭಾಗ ಬದಲಾಯಿಸ್ರಿ, ಸ್ಪಂಜನ್ನ ನಲ್ಲಿ ಕೆಳಗೆ ತೊಳೀದೆ ತೆಗೆದ ಹಳೇ ನೀರಲ್ಲೇ ಹಿಂಡ್ರಿ. ಬಿಸಿ 24ರಿಂದ 28 ಡಿಗ್ರಿ ಸಾಕು. ಏಪ್ರಿಲ್‌ನಲ್ಲಿ ನಮ್ ಮನೆ ತಾರಸಿ ಕೆಳಗಿನ ರೂಮಲ್ಲಿ ನೀರು 32 ಮುಟ್ಟಿತ್ತು, ಮುಚ್ಚಳ ತೆಗೆದು ಮೇಲೆ ಜಾಲರಿ ಹಾಕಿ ಟೇಬಲ್ ಫ್ಯಾನ್ ನೀರಿನ ಮೇಲೆ ಬೀಸೋ ಹಂಗೆ ಇಟ್ರೆ ಎರಡ್ಮೂರು ಡಿಗ್ರಿ ಇಳಿಯುತ್ತೆ, ಮಡಕೆ ನೀರು ತಣ್ಣಗಾಗೋ ಲೆಕ್ಕಾನೇ. ಐಸ್ ಸುರಿಯೋದು ಮಾತ್ರ ಬ್ಯಾಡ. ಡಿಸೆಂಬರ್ ಜನವರಿ ರಾತ್ರಿಗೆ 100 ವಾಟ್ ಹೀಟರ್ ಒಂದು ಇರಲಿ.

ಇನ್ನು ಮರಿ ವಿಷ್ಯ, ಇದಕ್ಕೋಸ್ಕರಾನೇ ಬರೆಯೋಕೆ ಕೂತಿದ್ದು.

ತಂದು ಎಂಟು ತಿಂಗಳಾಗಿತ್ತು, ಒಂದಿನ ಬೆಳಿಗ್ಗೆ ಅವ್ವ ತೊಟ್ಟಿ ಮುಂದೆ ನಿಂತು ಏಯ್ ಇಲ್ ನೋಡೋ, ಇದಕ್ಕೆ ಮಂಗನಬಾವು ಬಂದೈತೆ ಅಂದ್ಲು. ನೋಡಿದ್ರೆ ಹೌದು, ಒಂದು ಮೀನಿಗೆ ಗದ್ದದ ಕೆಳಗೆ ದಪ್ಪ ಆಗೈತೆ, ಮೂಲೆ ಕಲ್ಲಿನ ಹಿಂದೆ ನಿಂತೈತೆ, ಫುಡ್ ಹಾಕಿದ್ರೆ ಬರಲ್ಲ. ಅಂಗಡಿಯವ್ನಿಗೆ ಫೋನ್ ಮಾಡಿದೆ, ಇನ್ಫೆಕ್ಷನ್ ಸರ್, ನೀಲಿ ಔಷಧಿ ಹಾಕಿ ಅಂದ. ಹಾಕಿದೆ. ಆ ಮೆಥಿಲೀನ್ ಬ್ಲೂ ಫಿಲ್ಟರಲ್ಲಿರೋ ಒಳ್ಳೆ ಬ್ಯಾಕ್ಟೀರಿಯಾನೂ ಕೊಲ್ಲುತ್ತೆ ಅಂತ ನನಗೇನು ಗೊತ್ತು, ನಾಲ್ಕು ದಿನಕ್ಕೆ ನೀರು ಹಾಲು ಹಾಲು ಆಯ್ತು, ಎರಡು ಮೀನು ಹೋದ್ವು, ಗದ್ದ ದಪ್ಪ ಆಗಿದ್ದು ಮಾತ್ರ ಉಳೀತು ಆದ್ರೆ ಬಾಯಿ ಖಾಲಿ. ತೊಟ್ಟಿ ಮೂಲೆ ಸಿಲಿಕಾನ್ ಇವತ್ತಿಗೂ ನೀಲಿ ನೀಲಿ ಐತೆ, ಎಷ್ಟು ತಿಕ್ಕಿದ್ರೂ ಹೋಗಿಲ್ಲ. ರೋಗಾನೇ ಅಲ್ಲ ಅದು, ಬಾಯಿ ತುಂಬ ಮೊಟ್ಟೆ ಇದ್ವು.

ಅದಕ್ಕೆ ವ್ಯತ್ಯಾಸ ತಿಳ್ಕೊಳ್ರಿ. ಮೊಟ್ಟೆ ಇಟ್ಕೊಂಡ ಹೆಣ್ಣಿಗೆ ಉಬ್ಬಿರೋದು ಗದ್ದ, ಗಂಟಲು. ಹೊಟ್ಟೆ ಒಳಗೆ ಹೋಗಿರುತ್ತೆ, ದಿನ ಕಳೆದಂಗೆ ಸಣಕಲಾಗುತ್ತೆ. ಬಾಯಿ ಪೂರ್ತಿ ಮುಚ್ಚಲ್ಲ, ಹತ್ರ ಹೋಗಿ ಅಲ್ಲಾಡದೆ ಒಂದೈದು ನಿಮಿಷ ನೋಡ್ರಿ, ಎಲೆ ಅಡಿಕೆ ಮೆಲ್ಲೋ ಅಜ್ಜಿ ತರ ದವಡೆ ಆಡಿಸ್ತಾ ಇರುತ್ತೆ, ನಡುನಡುವೆ ಒಮ್ಮೆ ಜೋರಾಗಿ ಮುಕ್ಕಳಿಸಿದಂಗೆ ಮಾಡುತ್ತೆ, ಒಳಗೆ ಮೊಟ್ಟೆಗಳನ್ನ ಹೊರಳಿಸಿ ಎಲ್ಲಕ್ಕೂ ಹೊಸ ನೀರು ತಾಗಿಸೋದು ಅದು. ಕೊನೇ ವಾರದಲ್ಲಿ ಟಾರ್ಚ್ ಇಲ್ದೇನೇ, ಬಾಯಿ ಸ್ವಲ್ಪ ತೆರೆದಾಗ ಒಳಗಿಂದ ಸಾಸಿವೆ ಕಾಳಿನಂಥ ಕಣ್ಣುಗಳು ಕಾಣ್ತಾವೆ, ನಾನು ಅದನ್ನ ಮೊದಲ ಸಲ ನೋಡಿದಾಗ ಆಫೀಸಿಗೆ ಲೇಟಾಯ್ತು. ಕಾಯಿಲೆ ಬಿದ್ದಿದ್ದಕ್ಕೆ ಉಬ್ಬೋದು ಹೊಟ್ಟೆ, ಗದ್ದ ಅಲ್ಲ, ಬಿಳಿ ದಾರದಂಥ ಹೇಲು ನೇತಾಡ್ತಿರುತ್ತೆ, ಉಸಿರು ಜೋರು. ಅದಕ್ಕೆ ಬೇರೆ ತೊಟ್ಟಿಲಿ ಔಷಧಿ ಮಾಡ್ರಿ, ಮೇನ್ ತೊಟ್ಟಿಗೆ ಯಾವ ಔಷಧಿನೂ ಸುರೀಬ್ಯಾಡ್ರಿ.

ಮೊಟ್ಟೆ ಇಡೋದನ್ನ ನೋಡೋ ಯೋಗ ಇದ್ರೆ ನೋಡ್ರಿ. ಗಂಡು ಚಪ್ಪಟೆ ಕಲ್ಲೊಂದನ್ನ ಆರಿಸ್ಕೊಂಡು ಹೆಣ್ಣಿನ ಮುಂದೆ ಮೈ ಗಡಗಡ ನಡುಗಿಸುತ್ತೆ, ಎರಡೂ ಸುತ್ತು ಸುತ್ತು ಹಾಕ್ತಾವೆ, ಹೆಣ್ಣು ಒಂದೆರಡು ಮೊಟ್ಟೆ ಇಟ್ಟು ತಕ್ಷಣ ತಿರುಗಿ ಬಾಯಿಗೆ ಹಾಕ್ಕೊಳುತ್ತೆ. ಗಂಡಿನ ಕೆಳಗಿನ ಹಿಂದಿನ ರೆಕ್ಕೆ ಮೇಲೆ ಮೊಟ್ಟೆ ತರದ್ದೇ ಚುಕ್ಕೆ ಇರುತ್ತೆ, ಹೆಣ್ಣು ಅದನ್ನೂ ಮೊಟ್ಟೆ ಅನ್ಕೊಂಡು ಬಾಯಿ ಹಾಕೋಕೆ ಹೋಗುತ್ತೆ, ಆಗ ಗಂಡು ಬಿಡೋ ವೀರ್ಯ ಬಾಯಿಗೆ ಹೋಗಿ ಒಳಗಿರೋ ಮೊಟ್ಟೆ ಫಲ ಆಗುತ್ತೆ. ಒಂದು ಸಲಕ್ಕೆ 10ರಿಂದ 30 ಮೊಟ್ಟೆ, ಅಷ್ಟೇ. ಬೇರೆ ಎಷ್ಟೋ ಮೀನಿನ ತರ ನೂರಾರು ಅಲ್ಲ, ಕಮ್ಮಿ ಮಕ್ಕಳು ಹೆಚ್ಚು ಜೋಪಾನ. (ಅರೋವಾನಾ ಐತಲ್ಲ, ಏಷ್ಯಾದ್ದು, ವಾಸ್ತು ಅಂತ ಲಕ್ಷ ಕೊಟ್ಟು ತರ್ತಾರೆ, ಅದರಲ್ಲಿ ಬಾಯಲ್ಲಿ ಇಟ್ಕೊಳ್ಳೋದು ಅಪ್ಪ. ಇದನ್ನ ನನ್ ಹೆಂಡ್ತಿಗೆ ಹೇಳಿ ತಪ್ಪು ಮಾಡಿದೆ.)

ಒಟ್ಟು ಮೂರು ವಾರದ ಲೆಕ್ಕ, ನೀರು ಬೆಚ್ಚಗಿದ್ರೆ 18 ದಿನಕ್ಕೂ ಆಗುತ್ತೆ, ತಣ್ಣಗಿದ್ರೆ 28 ತನಕ ಹೋಗುತ್ತೆ. ಅಷ್ಟೂ ದಿನ ತಾಯಿ ಏನೂ ತಿನ್ನಲ್ಲ, ತಿಂದ್ರೂ ಚೂರುಪಾರು. ನೀವು ಏನ್ ಮಾಡ್ಬೇಕು ಅಂದ್ರೆ ಮೊದಲ ಎರಡು ವಾರ ಏನೂ ಮಾಡಬ್ಯಾಡ್ರಿ. ನಿಜವಾಗ್ಲೂ ಏನೂ ಬ್ಯಾಡ. ಬಲೆ ಹಾಕಬ್ಯಾಡ್ರಿ, ಕಲ್ಲು ಎತ್ತಬ್ಯಾಡ್ರಿ, ನೆಂಟ್ರ ಮಕ್ಕಳು ಗಾಜಿಗೆ ಬಡಿಯೋಕೆ ಬಿಡಬ್ಯಾಡ್ರಿ. ನೀರು ಬದಲಾಯಿಸೋದಿದ್ರೆ ಸ್ವಲ್ಪ ಸ್ವಲ್ಪ, ನಿಧಾನಕ್ಕೆ. ಗಾಬರಿ ಆದ್ರೆ ಉಗುಳುತ್ತೆ ಇಲ್ಲಾ ನುಂಗಿಬಿಡುತ್ತೆ. ಚೊಚ್ಚಲ ಹೆಣ್ಣುಗಳಂತೂ ಮೂರ್ನಾಲ್ಕು ದಿನಕ್ಕೆ ನುಂಗೋದು ಮಾಮೂಲು, ಒಂದೆರಡು ಸಲ ಆದ್ಮೇಲೆ ಕಲೀತಾವೆ, ಬೇಜಾರು ಮಾಡ್ಕೊಬ್ಯಾಡ್ರಿ. ಮೊಟ್ಟೆ ಇಟ್ಟ ದಿನ ಕ್ಯಾಲೆಂಡರ್ ಮೇಲೆ ಬರೀರಿ, ನಮ್ ಮನೇಲಿ ಗ್ಯಾಸ್ ಬುಕ್ ಮಾಡಿದ ದಿನದ ಪಕ್ಕದಲ್ಲೇ ಮೀನಿನ ದಿನಾನೂ ಇರುತ್ತೆ.

16-17ನೇ ದಿನದ ಮೇಲೆ ಬೇರೆ ಮಾಡ್ಬೋದು. ರಾತ್ರಿ ಲೈಟ್ ಆರಿಸಿ ಒಂದು ತಾಸು ಬಿಟ್ಟು, ಮೀನು ಮಂಕಾಗಿದ್ದಾಗ ದೊಡ್ಡ ಬಲೆ ಒಂದು ಕಡೆ ಸುಮ್ನೆ ಹಿಡಿದು ಇನ್ನೊಂದು ಕೈಲಿ ನಿಧಾನಕ್ಕೆ ಅದರೊಳಗೆ ಸಾಗಿಸ್ರಿ, ಅಟ್ಟಿಸ್ಕೊಂಡು ಹೋದ್ರೆ ಕೆಲಸ ಕೆಡುತ್ತೆ. ನೀರಿಂದ ಬಲೆ ಎತ್ತೋ ಬದ್ಲು ನೀರೊಳಗೇ ಒಂದು ಪ್ಲಾಸ್ಟಿಕ್ ಡಬ್ಬಿ ಮುಳುಗಿಸಿ ನೀರಿನ ಸಮೇತ ಅದಕ್ಕೆ ಇಳಿಸ್ಕೊಂಡು ಎತ್ರಿ. ಸೇರಿಸೋದು 30-40 ಲೀಟರಿನ ಇನ್ನೊಂದು ತೊಟ್ಟಿಗೆ ಅಥವಾ ಪ್ಲಾಸ್ಟಿಕ್ ಟಬ್ಬಿಗೆ, ನೀರು ಮೇನ್ ತೊಟ್ಟಿದೇ, ಅದರಲ್ಲಿ ಒಗ್ಗಿರೋ ಸ್ಪಂಜ್ ಫಿಲ್ಟರ್, ಒಂದು ಮುರುಕು ಹೂಕುಂಡ. ಸುತ್ತ ಟವೆಲ್ ಮುಚ್ರಿ. ಎರಡ್ಮೂರು ದಿನಕ್ಕೆ ಒಂದು ಬೆಳಿಗ್ಗೆ ನೋಡಿದ್ರೆ ಹೂಕುಂಡದ ಸುತ್ತ ಸೆಂಟಿಮೀಟರ್ ಉದ್ದದ ಪುಟಾಣಿಗಳು ಇರ್ತಾವೆ. ತಾಯಿನ ಒಂದು ದಿನಕ್ಕಿಂತ ಜಾಸ್ತಿ ಅವುಗಳ ಜೊತೆ ಬಿಡಬ್ಯಾಡ್ರಿ, ಮೂರು ವಾರ ಹಸಿದಿರುತ್ತೆ ಪಾಪ. ಆದ್ರೆ ತಕ್ಷಣ ಗಂಡಿನ ತೊಟ್ಟಿಗೂ ಹಾಕಬ್ಯಾಡ್ರಿ, ನಾಲ್ಕೈದು ದಿನ ಬೇರೆ ಟಬ್ಬಲ್ಲಿ ಇಟ್ಟು ಸ್ವಲ್ಪ ಸ್ವಲ್ಪ ತಿನ್ನಿಸಿ ಹೊಟ್ಟೆ ತುಂಬಿದ ಮೇಲೆ ಬಿಡ್ರಿ, ಒಮ್ಮೆಗೇ ತುರುಕಬ್ಯಾಡ್ರಿ.

ಬಾಯಿ ಬಿಡಿಸಿ ಮರಿ ಉದುರಿಸೋ ವಿಧಾನಾನೂ ಐತೆ, ಫಾರ್ಮ್‌ನೋರು ಮಾಡ್ತಾರೆ, ನನಗೆ ಇಷ್ಟ ಇಲ್ಲ. ಒಂದ್ಸಲ ಕೈ ತಪ್ಪಿದ್ರೆ ದವಡೆ ಹೋಗುತ್ತೆ. ಇದೆಲ್ಲಾ ತಲೆನೋವೇ ಬ್ಯಾಡ ಅಂದ್ರೆ ತಾಯಿನ ಮೇನ್ ತೊಟ್ಟಿಲೇ ಬಿಡ್ರಿ, ಕಲ್ಲಿನ ಸಂದಿ ಚೆನ್ನಾಗಿದ್ರೆ ಇಪ್ಪತ್ತರಲ್ಲಿ ಎರಡೋ ಮೂರೋ ತಾವಾಗೇ ಉಳ್ಕೊಳ್ತಾವೆ, ಮನೆ ಮಟ್ಟಿಗೆ ಅದೇ ಸಾಕು.

ಮರಿಗೆ ಹುಟ್ಟಿದ ದಿನದಿಂದಾನೇ ದೊಡ್ಡ ಮೀನಿನ ಪೆಲೆಟ್ಟನ್ನೇ ಕುಟ್ಟಿ ಹಿಟ್ಟು ಮಾಡಿ ಹಾಕ್ಬೋದು, ದಿನಕ್ಕೆ ನಾಲ್ಕು ಸಲ, ಬೆರಳ ತುದಿಗೆ ಅಂಟಿದಷ್ಟು. ಬೇಗ ಬೆಳೀಬೇಕು ಅಂದ್ರೆ ಆರ್ಟೀಮಿಯಾ (ಉಪ್ಪುನೀರಿನ ಪುಟ್ಟ ಸೀಗಡಿ ತರದ್ದು) ಮೊಟ್ಟೆ ತಂದು ಲೀಟರ್ ನೀರಿಗೆ 25 ಗ್ರಾಂ ಕಲ್ಲುಪ್ಪು ಹಾಕಿ, ಏರ್ ಬಿಟ್ಟು, ಒಂದೂವರೆ ದಿನ ಬೆಚ್ಚಗೆ ಇಡ್ರಿ, ಕಿತ್ತಳೆ ಬಣ್ಣದ ಚುಕ್ಕೆಗಳು ಈಜಾಡ್ತಾವೆ, ಬಟ್ಟೇಲಿ ಸೋಸಿ ಸಿಹಿನೀರಲ್ಲಿ ತೊಳೆದು ಹಾಕ್ರಿ. ಮರಿ ತೊಟ್ಟಿಲಿ ದಿನಾ ಒಂದೆರಡು ಮಗ್ ನೀರು ಬದಲಾಯಿಸ್ರಿ, ತಳದ ಕಸ ಏರ್ ಪೈಪಲ್ಲಿ ಎಳೀರಿ. ಮೂರು ತಿಂಗಳಿಗೆ ಒಂದಿಂಚು ಆಗ್ತಾವೆ.

ಮರಿ ಜಾಸ್ತಿ ಆದ್ರೆ ಅಂಗಡಿಯವ್ರಿಗೆ ಕೊಡ್ರಿ, ದುಡ್ಡು ಕೊಡಲ್ಲ ಫುಡ್ ಕೊಡ್ತಾರೆ, ಇಲ್ಲಾಂದ್ರೆ ಗೊತ್ತಿರೋರಿಗೆ ಹಂಚ್ರಿ, ನಮ್ಮಕ್ಕನ ಮನೇಲಿ ಈಗ ಒಂಬತ್ತು ಅದಾವೆ, ಆ ಗೀಸರ್ ಕಟ್ಟಿಸೋ ಬೋರ್ ನೀರಿಗೆ ಅರ್ಧ ನಲ್ಲಿ ನೀರು ಬೆರೆಸ್ತಾಳೆ ಅಷ್ಟೇ. ಕೆರೆಗೆ ಕಾಲುವೆಗೆ ಮಾತ್ರ ಬಿಡಬ್ಯಾಡ್ರಿ. ಜಿಲೇಬಿನ 1952ರಲ್ಲಿ ಹೊರಗಿಂದ ತಂದು ಬಿಟ್ರು, ಈಗ ಯಾವ ಕೆರೆಗೆ ಗಾಳ ಹಾಕಿದ್ರೂ ಮೊದ್ಲು ಕಚ್ಚೋದು ಅದೇ.